ಎವಿಆರ್, ಎಸ್‌ಟಿಎಂ32, ಇಎಸ್‌ಪಿ32 ಮೂರೂ ಒಂದೇ ಕಡೆ: ಪ್ಲಾಟ್‌ಫಾರ್ಮ್‌ಐಒ ಬಳಸಿದ ಮೇಲೆ

ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದೊಂದು ಚಿಕ್ಕ ಘಟಕ. ಅಡಿಕೆ ತೋಟದ ಪಂಪುಗಳಿಗೆ ಕಂಟ್ರೋಲರ್ ಮಾಡಿ ಕೊಡುತ್ತೇವೆ. ಹಳೇ ಬೋರ್ಡಿನಲ್ಲಿ ಎವಿಆರ್ ಜಾತಿಯ ಎಟಿಮೆಗಾ328ಪಿ ಚಿಪ್, ಹೊಸದರಲ್ಲಿ ಎಸ್‌ಟಿಎಂ32, ಪಂಪು ನಿಂತರೆ ಫೋನಿಗೆ ಮೆಸೇಜ್ ಕಳಿಸಲು ಇಎಸ್‌ಪಿ32. ಚಿಪ್ ಮೂರು ಅಂದ ಮೇಲೆ ಕಂಪೈಲರೂ (ನಾವು ಬರೆದ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಮೂರು ಬೇಕಲ್ವಾ? ಮೊದಲೆಲ್ಲ ಮೂರು ಸಾಫ್ಟ್‌ವೇರ್ ತೆರೆದಿಟ್ಟು, ಒಂದೇ ಹೆಡರ್ ಫೈಲನ್ನು ಮೂರು ಕಡೆ ಕಾಪಿ ಮಾಡಿ, ಒಂದರಲ್ಲಿ ತಿದ್ದಿದ್ದನ್ನು ಇನ್ನೊಂದರಲ್ಲಿ ತಿದ್ದಲು ಮರೆತು ಸಾಕಾಗಿ ಹೋಗಿತ್ತು.

ಈಗ ಆರು ತಿಂಗಳಿಂದ ವಿಎಸ್ ಕೋಡ್ ಅನ್ನುವ ಎಡಿಟರ್ ಒಳಗೆ, ಬೇರೆ ಬೇರೆ ಚಿಪ್ಪಿನ ಕೋಡನ್ನು ಒಂದೇ ಕಡೆ ಬಿಲ್ಡ್ ಮಾಡುವ ಪ್ಲಾಟ್‌ಫಾರ್ಮ್‌ಐಒ ಬಳಸುತ್ತಿದ್ದೇವೆ. ತುಂಬಾ ಇಷ್ಟವಾಗಿದೆ. ಪ್ಲಾಟ್‌ಫಾರ್ಮ್‌ಐಒ.ಐಎನ್‌ಐ ಅನ್ನುವ ಒಂದು ಫೈಲಿನಲ್ಲಿ ಪ್ರತಿ ಬೋರ್ಡಿಗೂ ಒಂದು ಎನ್ವ್ ವಿಭಾಗ ಬರೆದರೆ ಸಾಕು. ಯಾವ ಚಿಪ್ಪಿಗೆ ಯಾವ ಜಿಸಿಸಿ ಕಂಪೈಲರ್ ಬೇಕೋ ಅದನ್ನು ಅದೇ ತಂದು ತನ್ನದೇ ಫೋಲ್ಡರಿನಲ್ಲಿ ಇಡುತ್ತದೆ. ಪಾತ್ ಸೆಟ್ಟಿಂಗಿಗೆ ಕೈ ಹಾಕುವ ಕೆಲಸವೇ ಇಲ್ಲ ಮಾರಾಯ್ರೆ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಬೇರೆಯೇ. ಪಂಪು ಎಷ್ಟು ಸೆಕೆಂಡ್ ಓಡಿತು ಅನ್ನುವುದನ್ನು ನಾವು ಸುಮ್ನೆ ಇಂಟ್ (ಪೂರ್ಣಾಂಕ) ಅಂತ ಬರೆದಿದ್ದೆವು. ಎಸ್‌ಟಿಎಂ32ನಲ್ಲಿ ಇಂಟ್ 32 ಬಿಟ್, ಎವಿಆರ್‌ನಲ್ಲಿ 16 ಬಿಟ್. 16 ಬಿಟ್ ಇಂಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಅಷ್ಟು ಸೆಕೆಂಡ್ ಅಂದರೆ ಒಂಬತ್ತು ಗಂಟೆ ಚಿಲ್ಲರೆ. ಬೇಸಿಗೆಯಲ್ಲಿ ರಾತ್ರಿಯಿಡೀ ನೀರು ಬಿಟ್ಟ ತೋಟದಲ್ಲಿ ಹಳೇ ಬೋರ್ಡು ಬೆಳಿಗ್ಗೆ ಮೈನಸ್ ಲೆಕ್ಕ ತೋರಿಸಿತ್ತು! ಹಲವು ಸಂಖ್ಯೆಗಳನ್ನು ಒಟ್ಟಿಗೆ ಕಟ್ಟಿಡುವ ಸ್ಟ್ರಕ್ಟ್ ಕಥೆಯೂ ಹಾಗೆಯೇ. ಒಂದು ಬೈಟ್, ಅದರ ಹಿಂದೆ ಒಂದು 32 ಬಿಟ್ ಸಂಖ್ಯೆ ಇಟ್ಟರೆ ಎವಿಆರ್‌ನಲ್ಲಿ 5 ಬೈಟ್, ಉಳಿದ ಎರಡರಲ್ಲಿ 8. ಈಗ ಹೆಡರ್ ಒಂದೇ, ಎಲ್ಲ ಕಡೆ ಯಾವ ಚಿಪ್ಪಿನಲ್ಲೂ 32 ಬಿಟ್ಟೇ ಇರುವ ಇಂಟ್32_ಟಿ, ಜೊತೆಗೆ ಸ್ಟ್ರಕ್ಟ್ ಸೈಜನ್ನು ಕಂಪೈಲ್ ಆಗುವಾಗಲೇ ಪರೀಕ್ಷಿಸುವ ಒಂದು ಸ್ಟ್ಯಾಟಿಕ್ ಅಸರ್ಟ್ ಸಾಲು. ಬಿಲ್ಡ್ ಕೊಟ್ಟರೆ ಮೂರೂ ಕಂಪೈಲರ್ ಒಂದಾದ ಮೇಲೊಂದು ಓಡುತ್ತವೆ, ಅಳತೆ ತಪ್ಪಿದರೆ ನನ್ನ ಟೇಬಲ್ಲಿನಲ್ಲೇ ಎರರ್ ಬರುತ್ತದೆ, ತೋಟದ ತನಕ ಹೋಗುವುದಿಲ್ಲ.

ಹಾಕಿಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಿ. ಆ ಐಎನ್‌ಐ ಫೈಲಿನಲ್ಲಿ ಪ್ಲಾಟ್‌ಫಾರ್ಮ್ (ಚಿಪ್ ಕುಟುಂಬ) ಹೆಸರಾದ ಮೇಲೆ ವರ್ಷನ್ ನಂಬರ್ ಬರೆಯಲೇಬೇಕು, ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಒಂದು ಕಂಪೈಲರ್, ಜೊತೆಯವರ ಕಂಪ್ಯೂಟರಿನಲ್ಲಿ ಇನ್ನೊಂದು ಬಂದು ಕೂರಬಹುದು. ಮೊದಲ ಬಿಲ್ಡಿಗೆ ಡೌನ್‌ಲೋಡ್ ಜಾಸ್ತಿ, ಇಎಸ್‌ಪಿ32ನದ್ದಂತೂ ದೊಡ್ಡದು. ನಮ್ಮೂರ ಮಳೆಗಾಲದಲ್ಲಿ ಕರೆಂಟು, ನೆಟ್ಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಗಾಗಿ ಮೂರನ್ನೂ ಮೊದಲೇ ಒಮ್ಮೆ ಬಿಲ್ಡ್ ಮಾಡಿಟ್ಟುಕೊಳ್ಳಿ. ಆಮೇಲೆ ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ.

8 ಬಿಟ್ ಪಿಕ್ ಚಿಪ್ ಬಳಸುವವರಿಗೆ ಇದು ಆಗುವುದಿಲ್ಲ, ಅದಕ್ಕೆ ಬೇಕಾದ ಎಕ್ಸ್‌ಸಿ8 ಕಂಪೈಲರ್ ಇದರಲ್ಲಿ ಬರುವುದಿಲ್ಲ. ನಮ್ಮಲ್ಲಿ ಅಂಥದ್ದೊಂದು ಹಳೇ ಸ್ಟಾರ್ಟರ್ ಬೋರ್ಡ್ ಇನ್ನೂ ಇದೆ, ಅದೊಂದಕ್ಕೆ ಪಿಕ್‌ನ ಸಾಫ್ಟ್‌ವೇರ್ ಎಂಪಿಲ್ಯಾಬ್ ಎಕ್ಸ್ ಹಾಗೇ ಇಟ್ಟುಕೊಂಡಿದ್ದೇವೆ.