ಹಲಸಿನ ಮೇಣ ಕಲಿಸಿದ ಪಾಠ

ಕುಂಬಳೆ ಸಮೀಪದ ಮದರಸದಲ್ಲಿ ಐದನೇ ತರಗತಿಗೆ ಫಿಕ್ಹ್ (ಇಸ್ಲಾಮಿನ ಆಚರಣೆಗಳ ನಿಯಮಶಾಸ್ತ್ರ) ಕಲಿಸುತ್ತೇನೆ. ಕಳೆದ ವರ್ಷ ಮೂರು ವಿಧಾನಗಳನ್ನು ಮಾಡಿ ನೋಡಿದೆ: ಬಾಯಿಪಾಠ, ಮಾಡಿ ತೋರಿಸುವುದು, ಮಸ್‌ಅಲ ಬಿಡಿಸುವುದು, ಅಂದರೆ ದಿನದ ಬದುಕಿನಲ್ಲಿ ಏಳುವ ಧಾರ್ಮಿಕ ಪ್ರಶ್ನೆಗೆ ಉತ್ತರ ಹುಡುಕುವುದು.

ನಾವು ಅನುಸರಿಸುವ ಫಿಕ್ಹ್ ಪಂಥವಾದ ಶಾಫಿಈ ಮದ್‌ಹಬ್‌ನಲ್ಲಿ ವುಳೂವಿಗೆ (ನಮಾಝಿಗೆ ಮುಂಚಿನ ಅಂಗಶುದ್ಧಿ) ಫರ್ಳ್‌ಗಳು (ಕಡ್ಡಾಯ ಅಂಶಗಳು) ಆರು: ನಿಯ್ಯತ್ (ಸಂಕಲ್ಪ), ಮುಖ ತೊಳೆಯುವುದು, ಮೊಣಕೈ ಸಹಿತ ಕೈ ತೊಳೆಯುವುದು, ತಲೆಯ ಸ್ವಲ್ಪ ಭಾಗ ಸವರುವುದು, ಕಾಲ್ಗಂಟು ಸಹಿತ ಕಾಲು ತೊಳೆಯುವುದು, ಕ್ರಮ ತಪ್ಪದಿರುವುದು. ಬಾಯಿಪಾಠದಲ್ಲಿ ಇವು ಎರಡೇ ದಿನಕ್ಕೆ ನಾಲಗೆಗೆ ಬಂದವು. ಆದರೆ ಹೌಳಿನ (ವುಳೂ ಮಾಡುವ ನೀರಿನ ತೊಟ್ಟಿ) ಬಳಿ ನೋಡಿದರೆ ಅದೇ ಮಕ್ಕಳ ಮೊಣಕೈ ಒಣಗಿಯೇ ಇರುತ್ತಿತ್ತು.

ಆಮೇಲೆ ಜೋಡಿ ಮಾಡಿದೆ. ಒಬ್ಬ ವುಳೂ ಮಾಡಬೇಕು, ಇನ್ನೊಬ್ಬ ನೋಡಿ ತಪ್ಪು ಹೇಳಬೇಕು. ವಾರದೊಳಗೆ ಮೊಣಕೈ, ಹಿಮ್ಮಡಿ ಎಲ್ಲವೂ ನೆನೆದವು. ಶುದ್ಧಿಗೂ ನಮಾಝಿಗೂ ಇದನ್ನು ಮೀರಿಸುವ ದಾರಿ ನನಗೆ ಕಾಣಲಿಲ್ಲ. ಝಕಾತನ್ನೂ (ಸಂಪತ್ತಿನ ಕಡ್ಡಾಯ ದಾನ) ಹೀಗೆಯೇ ಕಾಗದದ ನೋಟು ಹಂಚಿ ಆಡಿಸಿದೆ. 40ರಲ್ಲಿ 1 ಎಂಬ ಲೆಕ್ಕ ಉಳಿಯಿತು. ಯಾರಿಗೆ, ಯಾವಾಗ ಕಡ್ಡಾಯ ಎಂಬುದು ತಲೆಗೆ ಹೋಗಲಿಲ್ಲ.

ಮಸ್‌ಅಲದ ಬಲ ತಿಳಿದದ್ದು ಹಲಸಿನ ಕಾಲದಲ್ಲಿ. ಹುಡುಗಿಯೊಬ್ಬಳು ಅಂಟು ಬೆರಳು ಚಾಚಿ, "ಉಸ್ತಾದರೇ, ಮೇಣ ಇದ್ದರೆ ವುಳೂ ಆಗುತ್ತದೆಯೇ?" ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ, ತರಗತಿಗೇ ಬಿಟ್ಟೆ. ಅಡಿಕೆ ಸುಲಿದು ಬೆರಳು ಕಪ್ಪಾಗಿದ್ದ ಹುಡುಗ, "ಹಾಗಾದರೆ ನನ್ನದು?" ಎಂದು ಎದ್ದು ನಿಂತ. ಇಬ್ಬರ ಕೈಗೂ ನೀರು ಸುರಿದರು. ಮೇಣದ ಮೇಲೆ ಹನಿ ಉರುಳಿ ಬಿತ್ತು. ಕಲೆಯಾದ ಬೆರಳು ಒದ್ದೆಯಾಯಿತು. ಪದರವಾಗಿ ನಿಂತು ನೀರನ್ನು ತಡೆಯುವುದನ್ನು ತೆಗೆಯಲೇಬೇಕು, ಬರಿಯ ಬಣ್ಣ ಅಡ್ಡಿಯಲ್ಲ ಎಂದು ಅವರೇ ಹೇಳಿದರು. ಅದೇ ಮಾತನ್ನು ಕಿತಾಬಿನಲ್ಲಿ ತೋರಿಸಿದಾಗ ಆ ಮುಖಗಳನ್ನು ನೋಡಬೇಕಿತ್ತು! ಹುಡುಗಿ ತೆಂಗಿನೆಣ್ಣೆ ತಿಕ್ಕಿ ಮೇಣ ಬಿಡಿಸಿ, ಸೋಪು ಹಾಕಿ ತೊಳೆದು ಮತ್ತೆ ವುಳೂ ಮಾಡಿದಳು.

ಝಕಾತಿಗೂ ಇದೇ ಹೊಂದಿತು. ಗದ್ದೆಯ ಭತ್ತಕ್ಕೆ ಇದೆ, ತೋಟದ ಅಡಿಕೆ ಫಸಲಿಗೆ ನಮ್ಮ ಮದ್‌ಹಬ್‌ನಲ್ಲಿ ಏಕಿಲ್ಲ ಎಂದು ಕೇಳಿದರೆ ಸಾಕು, ಕೂಡಿಟ್ಟು ಉಣ್ಣುವ ಆಹಾರಧಾನ್ಯ ಯಾವುದು ಎಂಬಲ್ಲಿಗೆ ಮಕ್ಕಳೇ ಬರುತ್ತಾರೆ.

ಇದಕ್ಕೆ ಸಮಯ ಬಹಳ ಬೇಕು, ಶಾಲೆಯ ಬಸ್ಸು ಕಾಯುವುದಿಲ್ಲ. ನಾಚುವ ಮಕ್ಕಳು ಹಿಂದುಳಿಯುತ್ತಾರೆಂದು ಈಗ ಮೂವರ ಗುಂಪು ಮಾಡಿದ್ದೇನೆ. ಬಾಯಿಪಾಠವನ್ನೂ ಬಿಟ್ಟಿಲ್ಲ. ಕೈ ತೊಳೆಯುವುದು ಫರ್ಳ್ ಎಂದು ಗೊತ್ತಿದ್ದುದರಿಂದಲೇ ಆಕೆಗೆ ಆ ಪ್ರಶ್ನೆ ಹುಟ್ಟಿತು.

ಮುಂದಿನ ವಾರ ಹೌಳಿನಲ್ಲಿ ಎರಡು ಖುಲ್ಲತ್ (ಫಿಕ್ಹ್‌ನಲ್ಲಿ ನೀರಿನ ಒಂದು ಅಳತೆ) ನೀರಿದೆಯೇ ಎಂದು ಮಕ್ಕಳು ಮೊಳ ಹಾಕಿ ಅಳೆಯಲಿದ್ದಾರೆ. ಉದ್ದ, ಅಗಲ, ಆಳ ತಲಾ ಒಂದೂಕಾಲು ಮೊಳ ಇರಬೇಕು. ಯಾರ ಮೊಳ ಎಂಬ ಜಗಳ ಈಗಲೇ ಶುರುವಾಗಿದೆ.