ಅಂಗಡಿಗೆ ತೊಟ್ಟಿ ಮನೆಯೋ, ಮಂಕಿಟಾಪ್ ಬಂಗಲೆಯೋ?

ಹಳೇ ಮನೆಯಲ್ಲಿ ಸೀರೆಯಂಗಡಿ ತೆರೆಯುವ ಆಸೆಯಿದ್ದರೆ ಮೊದಲು ಬೆಳಕು ಎಲ್ಲಿಂದ ಬರುತ್ತದೆಂದು ನೋಡಿ. ತೊಟ್ಟಿ ಮನೆಗೆ ಅದು ನಡುವಿನ ತೆರೆದ ಅಂಗಳದಿಂದ, ಅಂದರೆ ತೊಟ್ಟಿಯಿಂದ ಬರುತ್ತದೆ. ಬೀದಿ ಕಡೆ ಕಿಟಕಿ ಕಡಿಮೆ, ಹಾಗಾಗಿ ಕಪಾಟಿಗೆ ಉದ್ದನೆಯ ಗೋಡೆ ಸಿಗುತ್ತದೆ. ಗಿರಾಕಿ ಕಂಬಗಳ ಸುತ್ತ ತಾನಾಗಿಯೇ ಒಂದು ಸುತ್ತು ಬರುತ್ತಾನೆ. ಜಗಲಿಯಂತೂ ಕೂತು ಮಾತಾಡಲಿಕ್ಕೇ ಕಟ್ಟಿದ್ದು! ತೊಂದರೆ ಮಳೆಯದು. ತೊಟ್ಟಿಗೆ ಶೀಟು ಹೊದಿಸುವುದಾದರೆ ಮಾಡಿಗಿಂತ ಎತ್ತರಕ್ಕೆ, ಸುತ್ತ ಗಾಳಿಗೆ ಸಂದು ಬಿಟ್ಟು ಹೊದಿಸಿ. ಪೂರ್ತಿ ಮುಚ್ಚಿದರೆ ಸೆಕೆ ಒಳಗೇ ನಿಲ್ಲುತ್ತದೆ.

1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಮಂಕಿಟಾಪ್ ಬಂಗಲೆಗಳ ಲೆಕ್ಕ ಬೇರೆ. ಮಂಕಿಟಾಪ್ ಅಂದರೆ ಕಿಟಕಿಯ ಮೇಲಿನ ಮರದ ಪಟ್ಟಿಗಳ ಚೂಪು ಮುಸುಕು; ಅದೇ ಬೋರ್ಡಿಗಿಂತ ಚೆನ್ನಾಗಿ ಜನರನ್ನು ಕರೆಯುತ್ತದೆ. ದಯವಿಟ್ಟು ಅದರ ಮೇಲೆ ಫ್ಲೆಕ್ಸ್ ಕಟ್ಟಬೇಡಿ. ಅಂಗಳದಲ್ಲಿ ಗಾಡಿ ನಿಲ್ಲಿಸಬಹುದು. ಆದರೆ ಕೋಣೆಗಳು ಬಿಡಿಬಿಡಿ, ಮಾಲು ಒಂದೇ ನೋಟಕ್ಕೆ ಕಾಣದು. ಹಾಗೆಂದು ಗೋಡೆ ಒಡೆದೀರಿ, ಮದ್ರಾಸ್ ತಾರಸಿಯ (ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಚಾವಣಿ) ಮರದ ತೊಲೆಗಳು ನಿಂತಿರುವುದೇ ಅದರ ಮೇಲೆ.

ಎರಡರಲ್ಲೂ ಸುಣ್ಣದ ಗಾರೆ ಗೋಡೆಗೆ ಸಿಮೆಂಟ್ ಬಳಿಯಬೇಡಿ, ತೇವ ಒಳಗೇ ಉಳಿಯುತ್ತದೆ. ಸೀರೆಗಾದರೆ ನಾನು ತೊಟ್ಟಿ ಮನೆಯನ್ನೇ ಹಿಡಿಯುತ್ತೇನೆ: ರೇಷ್ಮೆಯ ಬಣ್ಣವನ್ನು ಹಗಲ ಬೆಳಕಿನಲ್ಲೇ ನೋಡಬೇಕು.