ಸ್ತನ ಕ್ಯಾನ್ಸರ್‌ನ ವಂಶವಾಹಿ ಪರೀಕ್ಷೆ: ಮನೆಯ ಕಿಟ್ಟೋ, ಆಪ್ತಸಮಾಲೋಚಕರ ದಾರಿಯೋ?

ಜೊಲ್ಲಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸುವ ಕಿಟ್‌ಗೆ ವೈದ್ಯರ ಚೀಟಿ ಬೇಕಿಲ್ಲವಾದ್ದರಿಂದ, ತಜ್ಞರಿಂದ ದೂರವಿರುವವರಿಗೆ ಅದೇ ಸುಲಭವೆನಿಸುತ್ತದೆ. ಆದರೆ ಅದು ಹುಡುಕುವುದೆಷ್ಟು? ಅಮೆರಿಕದಲ್ಲಿ 2018ರಲ್ಲಿ ಅನುಮತಿ ಪಡೆದ ಮೊದಲ ಕಿಟ್, ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ವಂಶವಾಹಿಗಳಲ್ಲಿ ತಿಳಿದಿರುವ ಸಾವಿರಕ್ಕೂ ಹೆಚ್ಚು ಅಪಾಯಕಾರಿ ರೂಪಾಂತರಗಳ ಪೈಕಿ 3ನ್ನು ಮಾತ್ರ, ಅದೂ ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪಿನ) ಯಹೂದಿ ಮೂಲದವರಲ್ಲಿ ಹೆಚ್ಚಾಗಿ ಕಾಣುವಂಥವನ್ನು, ನೋಡುತ್ತಿತ್ತು. ಉಳಿದವರು ಅದರ ‘ಇಲ್ಲ’ ಎಂಬ ಉತ್ತರವನ್ನು ಅಭಯವೆಂದು ಓದಿದರೆ, ತಪ್ಪು ಓದುಗರದಲ್ಲ, ವರದಿಯ ಭಾಷೆಯದು.

ಆಸ್ಪತ್ರೆಯ ಪರೀಕ್ಷೆ ವಂಶವಾಹಿಗಳನ್ನು ಪೂರ್ಣವಾಗಿ ಓದುತ್ತದೆ. ಕುಟುಂಬದ ಇತಿಹಾಸವನ್ನು ಕೇಳಿ ಫಲಿತಾಂಶವನ್ನು ಬಿಡಿಸಿ ಹೇಳುವ ಆಪ್ತಸಮಾಲೋಚಕರೂ ಅಲ್ಲಿರುತ್ತಾರೆ. ಶಿಫಾರಸು, ಕಾಯುವಿಕೆ, ವೆಚ್ಚ ಇದರ ತೊಡಕುಗಳು. ರೂಪಾಂತರಗಳ ಬಗೆಗಿನ ದತ್ತಾಂಶ ಬಹುಪಾಲು ಯುರೋಪಿಯನ್ ಮೂಲದವರದ್ದಾಗಿರುವುದರಿಂದ, ಇತರರಿಗೆ ‘ಅರ್ಥ ಅನಿಶ್ಚಿತ’, ಅಂದರೆ ರೂಪಾಂತರ ಕಂಡಿದೆ, ಅಪಾಯಕಾರಿಯೋ ಅಲ್ಲವೋ ತಿಳಿಯದು ಎಂಬ ಫಲಿತಾಂಶ ಹೆಚ್ಚಾಗಿ ಬರುತ್ತದೆ. ಅದು ರೋಗದ ಸೂಚನೆಯಲ್ಲ. ಅದೊಂದನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು ಎಂದು ಹೇಳಲು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರಿದ್ದಾರೆ; ಫಲಿತಾಂಶವನ್ನು ಹೀಗೆ ಬಿಡಿಸಿ ಹೇಳಲು ಕಿಟ್‌ನ ಪೆಟ್ಟಿಗೆಯಲ್ಲಿ ಯಾರೂ ಇರುವುದಿಲ್ಲ.

ಹತ್ತಿರದ ರಕ್ತಸಂಬಂಧಿಗಳಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರಿಗೆ ಆಸ್ಪತ್ರೆಯ ದಾರಿಯೇ ಸರಿ ಎಂಬುದು ನನ್ನ ನಿಲುವು. ಪ್ರಯಾಣ ಕಷ್ಟವಾದರೆ ದೂರವಾಣಿ ಸಮಾಲೋಚನೆಯನ್ನು ಕೇಳಬಹುದು. ಕಿಟ್‌ನಲ್ಲಿ ‘ಇದೆ’ ಎಂದು ಬಂದರೂ, ಚಿಕಿತ್ಸೆಗೆ ಮೊದಲು ವೈದ್ಯಕೀಯ ಪ್ರಯೋಗಾಲಯದಲ್ಲಿ ದೃಢಪಡಿಸಿಕೊಳ್ಳಲೇಬೇಕು.